ಮಲಗಿದ ಪಾತ್ರದ ಅಂಜನಾಬಾಯಿ

ಅಂಜನಾಬಾಯಿಗೆ ಸಂಬಳ ಬರುತ್ತಿದ್ದುದು ಮಲಗುವುದಕ್ಕೆ. ಇದನ್ನು ಕೇಳಿದವರೆಲ್ಲ ನಕ್ಕು, "ನಮಗೂ ಇಂಥಾದ್ದೊಂದು ನೌಕರಿ ಕೊಡಸ್ರಿ ಬಾಯಿ" ಅನ್ನುತ್ತಿದ್ದರು. ಅಂಥವರನ್ನು ಒಂದು ದಿನವಾದರೂ ಆ ಮಂಚದ ಮೇಲೆ ಮಲಗಿಸಿ ನೋಡಬೇಕಿತ್ತು. ಮೂಗಿಗೆ ನಳಿಗೆ ಅಂಟಿಸಿಕೊಂಡು, ಮೇಲಿನ ದೀಪಗಳ ಕಾವು ತಡೆದುಕೊಂಡು, ರೆಪ್ಪೆ ಅಲುಗಿಸದೆ, ಎದೆ ಏರಿಳಿಯುವುದು ಕಾಣದಂತೆ ಉಸಿರಾಡುತ್ತ ಬಿದ್ದಿರಬೇಕು. ಮಗನ ಪಾತ್ರದವನು ಎದೆಯ ಮೇಲೆ ತಲೆಯಿಟ್ಟು ಅಳುತ್ತಾನೆ, ಅವನ ಗಡ್ಡ ಚುಚ್ಚುತ್ತದೆ. ಸೊಸೆಯ ಪಾತ್ರದವಳ ಗ್ಲಿಸರಿನ್ ಕಣ್ಣೀರು ಅಂಟಂಟಾಗಿ ಕಿವಿಯೊಳಗೆ ಇಳಿಯುತ್ತದೆ. ಒರೆಸಿಕೊಳ್ಳುವಂತಿಲ್ಲ. ಮೂಗಿನ ತುದಿಯಲ್ಲಿ ನೊಣ ಕೂತರೆ ಅದು ತಾನಾಗಿಯೇ ಬೇಸತ್ತು ಹೋಗುವವರೆಗೆ ಕಾಯಬೇಕು.

ಧಾರಾವಾಹಿಯಲ್ಲಿ ಅವಳ ಹೆಸರು ವಸುಂಧರಮ್ಮ. ಮೈಸೂರು ಕಡೆಯ ದೊಡ್ಡ ಮನೆತನದ ಒಡತಿ. ಆ ಮನೆಯ ಹಿರಿಮಗ ನಿಜಕ್ಕೂ ಯಾರ ಮಗ ಎಂಬ ಗುಟ್ಟು ಅವಳೊಬ್ಬಳಿಗೇ ಗೊತ್ತು. ಅವಳು ಬಾಯಿಬಿಟ್ಟರೆ ಕತೆ ಅವತ್ತೇ ಮುಗಿಯುತ್ತದೆ. ಆದ್ದರಿಂದ ಬರೆಯುವ ಮಹಾನುಭಾವರು ಒಂದು ಶುಕ್ರವಾರ ಅವಳನ್ನು ಮೆಟ್ಟಿಲ ಮೇಲಿಂದ ಉರುಳಿಸಿ ಕೋಮಾಕ್ಕೆ ಕಳಿಸಿದರು. ನಾಲ್ಕು ವಾರದ ಮಾತು ಅಂದಿದ್ದರು. ವರ್ಷ ಕಳೆದು ಮತ್ತೊಂದು ಯುಗಾದಿ ಬಂದರೂ ಅವಳು ಮಲಗಿಯೇ ಇದ್ದಳು. ಆ ಮೈಸೂರಿನ ಮನೆ ಇದ್ದದ್ದು ಹೈದರಾಬಾದಿನ ಹೊರಗಿನ ಒಂದು ಸ್ಟುಡಿಯೋದಲ್ಲಿ, ಪ್ಲಾಸ್ಟಿಕ್ ತೆಂಗಿನಮರದ ಸಮೇತ. ಬೀದರಿನಿಂದ ಬೆಳಗಿನ ಬಸ್ಸಿಗೆ ಹೊರಟರೆ ಮಧ್ಯಾಹ್ನದ ಊಟದ ಹೊತ್ತಿಗೆ ಹೋಗಿ ಮಲಗಬಹುದಿತ್ತು.

ಮಲಗಲು ಹುಟ್ಟಿದ ಹೆಣ್ಣಲ್ಲ ಅವಳು. ಅವಳ ಊರು ಔರಾದ ತಾಲ್ಲೂಕಿನ ಗಡಿಯ ಮೇಲಿನ ಒಂದು ಹಳ್ಳಿ. ಊರ ಎಮ್ಮೆಗಳು ಕರ್ನಾಟಕದಲ್ಲಿ ನೀರು ಕುಡಿದು ಮಹಾರಾಷ್ಟ್ರದಲ್ಲಿ ಮೇಯುತ್ತಿದ್ದವು. ಅಪ್ಪ ಏಕನಾಥ ಹಗಲು ಕೂಲಿ ಮಾಡಿ, ಸಂಜೆ ಬುದ್ಧವಿಹಾರದ ಮುಂದೆ ಕೂತು ಅರ್ಧ ಮರಾಠಿ ಅರ್ಧ ಕನ್ನಡದಲ್ಲಿ ಅಂಬೇಡ್ಕರರ ಮೇಲಿನ ಭೀಮಗೀತೆ ಹಾಡುತ್ತಿದ್ದ. ಅವನ ದನಿ ಗಡುಸು. ಮೈಕಿಲ್ಲದೆ ಹಾಡಿದರೆ ಆಚೆ ಓಣಿಯ ಗೌಡರ ಮನೆಯ ನಾಯಿ ಬೊಗಳುತ್ತಿತ್ತು. ಆ ದನಿ ಮಗಳಿಗೆ ಹಾಗೇ ಬಂತು. ಶಾಲೆಯಲ್ಲಿ ಪ್ರಾರ್ಥನೆ ಹಾಡಿಸುವಾಗ ಮಾಸ್ತರರು ಅವಳನ್ನು ಹಿಂದಿನ ಸಾಲಿಗೆ ಕಳಿಸುತ್ತಿದ್ದರು. ಮುಂದಿದ್ದರೆ ಉಳಿದವರದು ಕೇಳುತ್ತಿರಲಿಲ್ಲ.

ಆ ದನಿ ಮೊದಲು ಕಿವಿಗೆ ಬಿದ್ದದ್ದು ಭಾಲ್ಕಿಯ ಖಾಜಾ ಮಿಯಾನಿಗೆ. ಖಾಜಾ ಮಿಯಾ ಪೇಟಿ ಮಾಸ್ತರ. ಹಾರ್ಮೋನಿಯಂ ಪೇಟಿ ಹೆಗಲಿಗೆ ಹಾಕಿಕೊಂಡು ಹಳ್ಳಿ ಹಳ್ಳಿ ತಿರುಗಿ ನಾಟಕ ಕಲಿಸುವುದು ಅವನ ಕಸುಬು. ಆ ಸೀಮೆಯಲ್ಲಿ ಸುಗ್ಗಿಯ ರಾಶಿ ಮುಗಿದ ಮೇಲೆ ಊರಿನ ಗಂಡಸರು ಸೇರಿ ನಾಟಕ ಆಡುತ್ತಾರೆ. ಗಂಡು ಪಾತ್ರಗಳೆಲ್ಲ ಊರವರವೇ. ಹೆಣ್ಣು ಪಾತ್ರಕ್ಕೆ ಮಾತ್ರ ಹೊರಗಿನಿಂದ ನಟಿಯನ್ನು ಕರೆಸುತ್ತಾರೆ. ಅವಳು ಹಿಂದಿನ ದಿನ ಬಂದು, ಯಾವ ನಾಟಕವಾದರೂ ಸರಿ, ಯಾರ ಎದುರಾದರೂ ಸರಿ, ಮರುದಿನ ಮಾತು ತಪ್ಪದೆ ನಿಲ್ಲಬೇಕು. ಎದುರಿನ ನಾಯಕ ತನ್ನ ಮಾತು ಮರೆತರೆ ಅವನದನ್ನೂ ಇವಳೇ ಹೇಳಿ, ಉತ್ತರವನ್ನೂ ಇವಳೇ ಕೊಡಬೇಕು. ಅಂಜನಾಬಾಯಿ ಇದರಲ್ಲಿ ಪಳಗಿದಳು. ಮದುವೆಯಾಗಿ ಬೀದರಿಗೆ ಬಂದಳು, ಗಂಡ ತೀರಿಕೊಂಡ, ಮಗಳು ಕರುಣಾಳನ್ನು ಕಂಕುಳಲ್ಲಿ ಕಟ್ಟಿಕೊಂಡು ಹಳ್ಳಿ ತಿರುಗಿದಳು. ಬಣ್ಣ ಬಿಡಲಿಲ್ಲ.

ಅವಳ ಎಲ್ಲ ಪಾತ್ರಗಳಿಗೂ ಮಿಗಿಲಾದದ್ದು ನೀಲವ್ವ. ಭಾಲ್ಕಿಯ ಒಬ್ಬ ಸಾಲಿ ಮಾಸ್ತರರು ಬರೆದ ನಾಟಕ ಅದು. ಊರ ಬಾವಿಯಿಂದ ನೀರು ಸೇದಿದಳೆಂದು ನೀಲವ್ವನನ್ನು ಪಂಚರ ಮುಂದೆ ಎಳೆದು ತರುತ್ತಾರೆ. ಆಗ ಅವಳು ಮಾತಾಡುತ್ತಾಳೆ: "ಈ ಬಾವಿ ತೋಡಿದಾಗ ಮಣ್ಣ ಹೊತ್ತಾವ ನಮ್ಮಪ್ಪ. ಮಣ್ಣಿಗಿ ಮೈಲಿಗಿ ಆಗಲಿಲ್ಲ, ಕಲ್ಲಿಗಿ ಆಗಲಿಲ್ಲ. ನೀರಿಗಿ ಹ್ಯಾಂಗ ಆಯ್ತರಿ?" ಈ ಮಾತು ಆಡುವಾಗ ಅಂಜನಾಬಾಯಿ ನಟಿಸುತ್ತಿರಲಿಲ್ಲ. ಅವಳ ಹಳ್ಳಿಯಲ್ಲಿ ಅವಳ ಅವ್ವ ಬಾವಿಯಿಂದ ದೂರ ನಿಂತು, ಯಾರಾದರೂ ಪುಣ್ಯಾತ್ಮರು ಮೇಲಿಂದ ಕೊಡಕ್ಕೆ ನೀರು ಸುರಿಯಲೆಂದು ಕಾದದ್ದನ್ನು ಅವಳು ಕಣ್ಣಾರೆ ಕಂಡಿದ್ದಳು. ಆ ಮಾತಿಗೆ ಜನ ಉಸಿರು ಬಿಗಿಹಿಡಿದು ಕೂತಿರುತ್ತಿದ್ದರು. ಬಾವಿಯ ಆಚೆ ನಿಲ್ಲಿಸಿದವರೂ, ಈಚೆ ನಿಂತವರೂ.

ಆಮೇಲೆ ಸಿನಿಮಾ ಬಂತು. ಬೀದರ ಕೋಟೆಯಲ್ಲಿ ಚಿತ್ರೀಕರಣಕ್ಕೆ ಬಂದವರು ನಾಯಕನ ತಾಯಿಯ ಪಾತ್ರಕ್ಕೆ ಒಂದು ಮುಖ ಹುಡುಕುತ್ತಿದ್ದರು. ಅವಳ ಮುಖ ಒಪ್ಪಿದರು. ದೊಡ್ಡ ಕಣ್ಣು, ಅಗಲ ಹಣೆ, ದುಃಖ ತಾನಾಗಿಯೇ ನಿಲ್ಲುವ ಗಲ್ಲ. ಅವಳು ಬಾಯಿ ತೆರೆದಾಗ ಮಾತ್ರ ನಿರ್ದೇಶಕರು ಪಕ್ಕದವನ ಕಿವಿಯಲ್ಲಿ ಏನೋ ಅಂದರು. ಮಾತು ಆಮೇಲೆ ಬೆಂಗಳೂರಿನಲ್ಲಿ ಸೇರಿಸುತ್ತೇವೆ, ನೀವು ಸುಮ್ಮನೆ ತುಟಿ ಆಡಿಸಿ ಎಂದರು. ಅದರ ಅರ್ಥ ಅವಳಿಗೆ ತಿಳಿದದ್ದು ಬೀದರಿನ ಟಾಕೀಸಿನಲ್ಲಿ. ಔರಾದಿನಿಂದ ಅವ್ವನನ್ನು ಕರೆಸಿ, ಮುಂದಿನ ಸಾಲಿನಲ್ಲಿ ಕೂರಿಸಿ, ಎದೆಯುಬ್ಬಿಸಿ ನೋಡುತ್ತ ಕೂತಿದ್ದಳು. ಪರದೆಯ ಮೇಲೆ ಅವಳ ಬಾಯಿ ತೆರೆಯಿತು. ಒಳಗಿಂದ ಬಂದದ್ದು ಯಾರದೋ ತೆಳ್ಳನೆಯ, ಜೇನು ಸವರಿದ ದನಿ. ಅವ್ವ ಕುರ್ಚಿಯಿಂದ ಅರ್ಧ ಎದ್ದು, "ಅಂಜನಾ, ನಿನ್ನ ಬಾಯಾಗ ಯಾರ ಕುಂತಾರವ್ವಾ?" ಅಂದಳು. ಹಿಂದಿನವರು ನಕ್ಕರು. ಅಂಜನಾಬಾಯಿಗೆ ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು.

ಆದರೂ ಅವಳು ಒಪ್ಪಿಕೊಂಡಳು. ಕರುಣಾ ನರ್ಸಿಂಗ್ ಓದುತ್ತಿದ್ದಳು, ಮನೆ ಬಾಡಿಗೆಯದು, ಹಳ್ಳಿಯ ನಾಟಕಗಳು ವರ್ಷ ವರ್ಷಕ್ಕೆ ಕಡಿಮೆಯಾಗುತ್ತಿದ್ದವು. ಸಿನಿಮಾದಲ್ಲಿ ಆ ಮುಖ ನೋಡಿದ ಸುಶೀಲಕುಮಾರ ಅವಳನ್ನು ಟಿವಿಗೆ ಕರೆದುಕೊಂಡು ಹೋದ. ಈ ಸುಶೀಲಕುಮಾರ ಬೀದರಿನ ಮಂಗಲಪೇಟೆಯವನೇ. ಚರ್ಚಿನ ಕ್ರಿಸ್ಮಸ್ ನಾಟಕದಲ್ಲಿ ಕುರುಬನಾಗಿ ಶುರುಮಾಡಿ, ಬೆಂಗಳೂರಿಗೆ ಹೋಗಿ, ಈಗ ಧಾರಾವಾಹಿಯ ಮ್ಯಾನೇಜರ್ ಆಗಿದ್ದ. ಅಲ್ಲಿ ಮೊದಲು ಕಲಿತದ್ದು ತನ್ನ ಊರಿನ ಮಾತನ್ನು ಒಳಗೆ ನುಂಗುವುದನ್ನು. ಬೀದರಿಗೆ ಬಂದರೂ "ಹೌದಾ ಮೇಡಂ, ಪರವಾಗಿಲ್ಲ ಮೇಡಂ" ಅನ್ನುತ್ತಿದ್ದ. ಅವನ ತಾಯಿ ಕೂಡ ಒಂದೊಂದು ಸಲ ಯಾರು ಬಂದರು ಎಂಬಂತೆ ನೋಡುತ್ತಿದ್ದಳು.

ಟಿವಿಯಲ್ಲೂ ಅದೇ ಜೇನು ಸವರಿದ ದನಿ. ವಸುಂಧರಮ್ಮನಿಗೆ ಮಾತಾಡುವವಳು ಬೆಂಗಳೂರಿನಲ್ಲಿದ್ದಳು. ಇಬ್ಬರೂ ಒಬ್ಬರನ್ನೊಬ್ಬರು ಎಂದೂ ಕಂಡವರಲ್ಲ. ಇರಲಿ, ಕನಿಷ್ಠ ತುಟಿಯಾದರೂ ನನ್ನದು ಎಂದು ಅಂಜನಾಬಾಯಿ ಸಮಾಧಾನ ಮಾಡಿಕೊಂಡಿದ್ದಳು. ಕೋಮಾ ಬಂದ ಮೇಲೆ ಅದೂ ಹೋಯಿತು.

ಅದಕ್ಕಿಂತ ದೊಡ್ಡ ಫಜೀತಿ ಮನೆಯಲ್ಲಿ ಕಾದಿತ್ತು. ಕರಾರಿನಲ್ಲಿ ಒಂದು ಮಾತಿತ್ತು: ಈ ಪಾತ್ರ ಇರುವವರೆಗೆ ಬೇರೆಲ್ಲೂ ಬಣ್ಣ ಹಚ್ಚುವಂತಿಲ್ಲ. ಜೊತೆಗೆ ಸುಶೀಲಕುಮಾರನ ಬಾಯಿಮಾತು ಬೇರೆ. "ಮೇಡಂ, ಲಕ್ಷಾಂತರ ಜನ ನಿಮಗೋಸ್ಕರ ಹರಕೆ ಹೊತ್ತಿದ್ದಾರೆ. ನೀವು ಮಾರ್ಕೆಟ್ಟಲ್ಲಿ ಬದನೆಕಾಯಿ ಆರಿಸ್ತಾ ಕಂಡ್ರೆ ಅವರಿಗೆ ಹೇಗಾಗಬೇಡ? ಸ್ವಲ್ಪ ಒಳಗೇ ಇರಿ." ಅವನ ಮಾತು ಪೂರಾ ಸುಳ್ಳೂ ಅಲ್ಲ. ಒಮ್ಮೆ ಗಾಂಧಿಗಂಜಿನಲ್ಲಿ ಒಬ್ಬ ಹೆಂಗಸು ಅವಳನ್ನು ಕಂಡು, ಕೈಯಲ್ಲಿದ್ದ ಚೀಲ ಕೆಳಗೆ ಹಾಕಿ, "ಅಯ್ಯೋ ಅವ್ವಾ, ಡಾಕ್ಟರ್ ಬಿಟ್ಟರೇನ್ರಿ?" ಎಂದು ಕೈಹಿಡಿದು ಅತ್ತುಬಿಟ್ಟಿದ್ದಳು. ಅಂಜನಾಬಾಯಿಗೆ ನಗುವುದೋ ಅಳುವುದೋ ತಿಳಿಯಲಿಲ್ಲ. ಅವತ್ತು ತರಕಾರಿ ಕೊಳ್ಳದೆ ಮನೆಗೆ ಬಂದಳು.

ಇದಕ್ಕೆ ದಾರಿ ಹೇಳಿದವಳು ಪಕ್ಕದ ಮನೆಯ ಇಮಾಮಬೀ. ತನ್ನದೊಂದು ಬುರ್ಖಾ ತಂದುಕೊಟ್ಟು, "ಇದು ಹಾಕ್ಕೊಂಡು ನನ್ನ ಸಂಗಾಟ ಬರ್ರಿ. ಯಾವ ಕೋಮಾ, ಯಾವ ಗೀಮಾ, ಯಾರೂ ಕೇಳಂಗಿಲ್ಲ" ಅಂದಳು. ಅಂದಿನಿಂದ ಅಂಜನಾಬಾಯಿ ಬುರ್ಖಾ ತೊಟ್ಟೇ ಸಂತೆಗೆ ಹೋಗತೊಡಗಿದಳು. ಬಟಾಣಿ ಮಾರುವ ಕರೀಮ ಸಾಬ, "ಯಾರ ಮನಿ ಬೇಗಂರಿ ಇವರು, ಚೌಕಾಸಿ ಭಾರೀ ಮಾಡ್ತಾರ" ಎಂದು ಇಮಾಮಬೀಯನ್ನು ಕೇಳಿದ. ಮನೆಗೆ ಬಂದು ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಇಮಾಮಬೀ ಅಷ್ಟೂರಿನ ಗುಂಬಜಿಗೆ ಹೋದಾಗ ಅಂಜನಾಬಾಯಿ ಹೆಸರಿನಲ್ಲಿ ಹರಕೆ ಹೊತ್ತು ಮನ್ನತ್ತಿನ ದಾರ ಕಟ್ಟಿ ಬಂದಳು. ಇದೇನು ನೀವೂ ಹುಚ್ಚರಾದಿರಾ ಎಂದರೆ ಅವಳು ಬೈದಳು: "ನನಗ ಗೊತ್ತಿಲ್ಲೇನ್ರಿ ಅದು ನಾಟಕ ಅಂತ? ನಾ ಬೇಡ್ಕೊಂಡದ್ದು ಆ ಕತಿ ಬರಿಯಾವನ ಬುದ್ಧಿ ಸುಧಾರಸ್ಲಿ ಅಂತ."

ಕರುಣಾಳಿಗೆ ಮಾತ್ರ ಇದರಲ್ಲಿ ನಗೆ ಬರುತ್ತಿರಲಿಲ್ಲ. ಅವಳು ಆಸ್ಪತ್ರೆಯಲ್ಲಿ ತರಬೇತಿಯಲ್ಲಿದ್ದಳು, ನಿಜವಾಗಿ ಪ್ರಜ್ಞೆಯಿಲ್ಲದವರ ಮಗ್ಗುಲು ಬದಲಿಸುವುದು ಅವಳ ದಿನದ ಕೆಲಸ. ಸ್ಟುಡಿಯೋದಿಂದ ಬಂದ ಅವ್ವನ ಬೆನ್ನು ತಿಕ್ಕುತ್ತ, "ಹಿಂಗೇ ಮಲಗಿದ್ರ ನಿನಗ ಖರೇನೇ ಬೆನ್ನಾಗ ಹುಣ್ಣ ಆಗ್ತಾವ ನೋಡು" ಅನ್ನುತ್ತಿದ್ದಳು. ಬಿಟ್ಟುಬಿಡು ಎಂದು ಮಾತ್ರ ಒಮ್ಮೆಯೂ ಅನ್ನಲಿಲ್ಲ. ಅನ್ನಲು ಬರುವುದಿಲ್ಲವೆಂಬುದು ಇಬ್ಬರಿಗೂ ಗೊತ್ತಿತ್ತು.

ಮಂಚದ ಮೇಲೆ ಬಿದ್ದಾಗ ಅಂಜನಾಬಾಯಿ ಒಳಗೊಳಗೇ ತನ್ನ ಹಳೆಯ ಪಾತ್ರಗಳನ್ನು ಆಡುತ್ತಿದ್ದಳು. ನೀಲವ್ವನ ಮಾತು ಶುರುಮಾಡಿ ಕೊನೆಮುಟ್ಟಿಸುತ್ತಿದ್ದಳು, ಮತ್ತೆ ಶುರುಮಾಡುತ್ತಿದ್ದಳು. ಒಂದು ದಿನ ಹಾಗೆಯೇ ನಿಜವಾಗಿ ನಿದ್ದೆ ಬಂತು. ಮಗನ ಪಾತ್ರದವನು ಗದ್ಗದನಾಗಿ, "ಅಮ್ಮಾ, ಒಂದೇ ಒಂದು ಮಾತಾಡಮ್ಮಾ" ಅನ್ನುತ್ತಿರುವಾಗ ಇವಳು ನಿದ್ದೆಗಣ್ಣಲ್ಲಿ, "ಏ ಕರುಣಾ, ಹಾಲ ಉಕ್ಕಾಕತ್ತದ ನೋಡು!" ಎಂದು ಗದರಿಬಿಟ್ಟಳು. ಇಡೀ ಸೆಟ್ಟು ಬಿದ್ದು ಬಿದ್ದು ನಕ್ಕಿತು. ಅವಳೂ ನಕ್ಕಳು. ಊರಿಗೆ ಬರುವ ಬಸ್ಸಿನಲ್ಲಿ ಕೂತಾಗ ಒಂದು ಹೊಳೆಯಿತು. ಕೋಮಾ ಬಂದ ಮೇಲೆ ಕ್ಯಾಮೆರಾದ ಮುಂದೆ ಅವಳು ಆಡಿದ ಒಂದೇ ಮಾತು ಅದು. ಅದನ್ನೂ ಕತ್ತರಿಸಿ ಎಸೆದಿದ್ದರು. ಹೀಗೇ ಒಂದು ದಿನ ದನಿಯೇ ಹೋಗಿಬಿಟ್ಟರೆ ಯಾರಿಗೆ ತಿಳಿಯುತ್ತದೆ ಎಂದು ಅವಳಿಗೆ ಭಯವಾಯಿತು. ಇರುವಾಗಲೇ ಜನರ ಮುಂದೆ ಒಮ್ಮೆ ಮಾತಾಡಬೇಕು, ಜನ ಅದನ್ನು ಕೇಳಬೇಕು. ಅವಳಿಗೆ ಉಳಿದ ಆಸೆ ಇಷ್ಟೇ.

ಖಾಜಾ ಮಿಯಾ ಮನೆಗೆ ಬಂದದ್ದು ಆ ದಿನಗಳಲ್ಲೇ. ಮುದುಕನಾಗಿದ್ದ, ಬೆರಳುಗಳು ಗಂಟುಗಟ್ಟಿದ್ದವು. ಚಹಾದ ಬಸಿಯನ್ನು ಎರಡೂ ಕೈಯಲ್ಲಿ ಹಿಡಿದು ಕುಡಿದ.

"ಬೇಟಾ, ಈ ಬೆರಳು ಇನ್ನ ಭಾಳ ದಿನ ಪೇಟಿ ಮ್ಯಾಲ ಓಡಂಗಿಲ್ಲ. ಭಾಲ್ಕಿಯಾಗ ಒಂದು ಆಟ ಇಟ್ಟೇನಿ. ನೀಲವ್ವನ ನಾಟಕ. ನೀನೇ ಬರಬೇಕು."

"ಕರಾರು ಅದ ಮಾಸ್ತರ. ಗೊತ್ತಾದ್ರ ತೆಗದು ಒಗೀತಾರ. ಹುಡುಗಿ ಓದು ಇನ್ನಾ ಮುಗದಿಲ್ಲ."

"ನಿನ್ನ ಮಾಲಕರು ಇರೋದು ಬೆಂಗಳೂರಾಗ. ಭಾಲ್ಕಿ ನಾಟಕ ನೋಡ್ಲಿಕ್ಕ ಯಾವಾ ಬರ್ತಾನ? ಆಯ್ತವಾರ ಮಧ್ಯಾಹ್ನದ ಆಟ. ಬಾ, ಮಾತಾಡು, ಹೋಗು."

ಅವಳು ಆ ವಾರವೆಲ್ಲ ತಲೆ ಕೆಡಿಸಿಕೊಂಡಳು. ಕೊನೆಗೆ ಕರುಣಾಳೇ ಅಂದಳು: "ಹೋಗಿ ಬಾ ಅವ್ವಾ. ನೀ ಒಳಗೊಳಗ ಗೊಣಗೋದು ಕೇಳಿ ಕೇಳಿ ನನಗೇ ಆ ಪಾರ್ಟ ಬಾಯಿಪಾಠ ಆಗ್ಯದ." ಅಂಜನಾಬಾಯಿ ಹೂಂ ಅಂದಳು. ಒಂದೇ ಒಂದು ಷರತ್ತು ಹಾಕಿದಳು: ತನ್ನ ಹೆಸರು ಎಲ್ಲೂ ಬರೆಸಕೂಡದು.

ಖಾಜಾ ಮಿಯಾ ಅದನ್ನು ಖಾಲಿದನಿಗೆ ಹೇಳಿದ. ಖಾಲಿದ ಭಾಲ್ಕಿಯಲ್ಲಿ ಪೆಂಡಾಲು, ಮೈಕು ಬಾಡಿಗೆ ಕೊಡುವವನು. ನಾಟಕದಲ್ಲಿ ಗೌಡನ ಪಾತ್ರವೂ ಅವನದೇ. ಒಳ್ಳೆಯ ಮನುಷ್ಯ, ಕೆಟ್ಟದ್ದು ಬಯಸಿದವನಲ್ಲ. ಹೆಸರು ಬರೆಸಬೇಡ ಎಂದದ್ದಕ್ಕೆ ಅಕ್ಷರಶಃ ಹಾಗೇ ನಡೆದುಕೊಂಡ. ಬಸ್ ನಿಲ್ದಾಣದ ಮುಂದೆ ಅವನು ಕಟ್ಟಿಸಿದ ಬ್ಯಾನರಿನಲ್ಲಿ ಅಂಜನಾಬಾಯಿ ಎಂಬ ಹೆಸರು ಎಲ್ಲೂ ಇರಲಿಲ್ಲ. ಅದರ ಬದಲು ಅವಳ ಟಿವಿಯ ಮುಖ ದೊಡ್ಡದಾಗಿತ್ತು, ಕೆಳಗೆ ಕೆಂಪಕ್ಷರದಲ್ಲಿ ಹೀಗೆ ಬರೆದಿತ್ತು: ಕೋಮಾದಿಂದ ಎದ್ದು ಬರುತ್ತಿದ್ದಾರೆ ನಿಮ್ಮ ವಸುಂಧರಮ್ಮ!

ಅಂಜನಾಬಾಯಿ ಅದನ್ನು ಕಂಡದ್ದು ಭಾಲ್ಕಿಯಲ್ಲಿ ಬಸ್ಸಿಳಿದ ಮೇಲೆ. ಬುರ್ಖಾದ ಮುಸುಕನ್ನು ಇನ್ನಷ್ಟು ಕೆಳಗೆಳೆದುಕೊಂಡಳು. ಹಿಂತಿರುಗಿ ಹೋಗಲೆಂದು ಬಸ್ಸಿನ ಕಡೆ ತಿರುಗಿದಳು ಕೂಡ. ಜೊತೆಗೆ ಬಂದಿದ್ದ ಇಮಾಮಬೀ ತೋಳು ಹಿಡಿದಳು. "ಈಗ ಹೋದ್ರೂ ಬೈಸ್ಕೋತೀರಿ, ಆಡಿದ್ರೂ ಬೈಸ್ಕೋತೀರಿ. ಆಡೇ ಬೈಸ್ಕೋರಿ." ಆ ಮಾತು ಸರಿಯೆನ್ನಿಸಿತು.

ಹಾಲ್ ಕಿಕ್ಕಿರಿದಿತ್ತು. ಹಳ್ಳಿಯ ಆಟಗಳಿಗೆ ಗಂಡಸರೇ ಹೆಚ್ಚು ಬರುವುದು ರೂಢಿ. ಅವತ್ತು ನೋಡಿದರೆ ಬರೀ ಹೆಂಗಸರು. ಜೀಪು ಮಾಡಿಕೊಂಡು ಕಮಠಾಣದಿಂದಲೂ ಬಂದಿದ್ದರು. ಪೇಟಿ ನುಡಿಯಿತು, ಪರದೆ ಎದ್ದಿತು. ಗೌಡನ ವೇಷದ ಖಾಲಿದ ಮೀಸೆ ತಿರುವುತ್ತ ಪಂಚರ ಕಟ್ಟೆಯ ಮೇಲೆ ಕೂತಿದ್ದ. ಹರಕು ಸೀರೆಯ ನೀಲವ್ವನನ್ನು ಇಬ್ಬರು ಎಳೆದು ತಂದರು. ಅಂಜನಾಬಾಯಿ ತಲೆಯೆತ್ತಿ, ಉಸಿರು ತುಂಬಿಕೊಂಡು, ಬಾಯಿ ತೆರೆದಳು.

"ಎದ್ದಾಳ! ಎದ್ದಾಳ ನೋಡ್ರೇ!" ಎಂದು ಯಾರೋ ಕೂಗಿದರು. ಅಷ್ಟೇ ಸಾಕಾಯಿತು. ಹಾಲಿಗೆ ಹಾಲೇ ಎದ್ದು ನಿಂತಿತು. ಸೆರಗಿನಿಂದ ಕಣ್ಣೊರೆಸುವವರು, ನಿವಾಳಿಸಿ ಲಟಿಕೆ ಮುರಿಯುವವರು, ಮಗುವನ್ನು ಮೇಲೆತ್ತಿ ತೋರಿಸುವವರು. ಆಮೇಲೆ ಆಹೇರಿ ಶುರುವಾಯಿತು. ನಾಟಕದ ನಡುವೆ ಮೆಚ್ಚಿದವರು ರಂಗದ ಮೇಲೆ ಬಂದು ಉಡುಗೊರೆ ಕೊಡುವುದು ಆ ಕಡೆಯ ಪದ್ಧತಿ. ಆಗ ಆಟ ನಿಲ್ಲಿಸಿ, ಕೊಟ್ಟವರ ಹೆಸರನ್ನು ಮೈಕಿನಲ್ಲಿ ಕೂಗಬೇಕು. ನಿಲ್ಲಿಸದಿದ್ದರೆ ಕೊಟ್ಟವರಿಗೆ ಅವಮಾನ. ಗೌಡನ ಗತ್ತು ಬಿಟ್ಟು ಖಾಲಿದ ಮೈಕು ಹಿಡಿದ. "ಕಮಠಾಣದ ಗುಂಡಮ್ಮನವರಿಂದ ವಸುಂಧರಮ್ಮನವರಿಗೆ ಒಂದು ಇಳಕಲ್ ಸೀರಿ, ಉಡಿ ಸಾಮಾನು!"

ಗುಂಡಮ್ಮ ದೊಡ್ಡ ಮನೆತನದ ಹಿರಿಯ ಹೆಂಗಸು. ಕೈತುಂಬ ಬಳೆ, ಹಣೆತುಂಬ ಕುಂಕುಮ. ಏದುಸಿರು ಬಿಡುತ್ತ ಹತ್ತಿ ಬಂದವಳೇ, "ನಿಂದ್ರಬ್ಯಾಡ್ರಿ ನಮ್ಮವ್ವಾ, ತ್ರಾಸ ಆಗ್ತದ. ಯಾರರೆ ಕುರ್ಚಿ ತರ್ರೋ!" ಅಂದಳು. ಪಂಚರ ಕಟ್ಟೆಯಿಂದಲೇ ಕುರ್ಚಿ ಬಂತು. ಗುಂಡಮ್ಮ ಅವಳನ್ನು ಭುಜ ಒತ್ತಿ ಕೂರಿಸಿ, ಉಡಿಯಲ್ಲಿ ಅಕ್ಕಿ, ಕೊಬ್ಬರಿ, ಉತ್ತತ್ತಿ ಹಾಕಿ, ಬಗ್ಗಿ ಕಾಲು ಮುಟ್ಟಿದಳು. ಅಂಜನಾಬಾಯಿ ಕಾಲು ಹಿಂದೆಳೆದುಕೊಂಡಳು. ಇದೇ ಗುಂಡಮ್ಮನಂಥವರ ಮನೆಯ ಬಾವಿಯ ಮುಂದೆ ಅವ್ವ ಕೊಡ ಹಿಡಿದು ನಿಂತದ್ದು. ಈ ಕಾಲು ಯಾರ ಕಾಲು ಎಂದು ಇವರಿಗೆ ಗೊತ್ತೇ?

"ನಾ ವಸುಂಧರಮ್ಮ ಅಲ್ರಿ. ಔರಾದ ಕಡಿ ಏಕನಾಥನ ಮಗಳರಿ ನಾ" ಎಂದಳು. ಗದ್ದಲದಲ್ಲಿ ಅದು ಯಾರಿಗೂ ಕೇಳಲಿಲ್ಲ. ಒಬ್ಬರ ಹಿಂದೆ ಒಬ್ಬರು ಬರುತ್ತಲೇ ಇದ್ದರು. ಉಡಿ ತುಂಬಿ ಭಾರವಾಗಿ ಅವಳಿಗೆ ಏಳಲೂ ಆಗುತ್ತಿರಲಿಲ್ಲ. ಎಳನೀರು, ತಾಯತ, ಗುಡಿಯ ವಿಭೂತಿ. ಒಬ್ಬಳು ತಲೆಗೆ ದಿಂಬು ತರಲೇ ಎಂದು ಕೇಳಿದಳು. ಪಂಚರು ಬೀಡಿ ಹಚ್ಚಿಕೊಂಡು ಒಂದು ಮೂಲೆಗೆ ಸರಿದಿದ್ದರು. ಖಾಜಾ ಮಿಯಾ ಪೇಟಿಯ ಮೇಲೆ ಕೈಯಿಟ್ಟು, ಇದು ಮುಗಿಯುವುದನ್ನೇ ಕಾಯುತ್ತ, ಖಾಲಿದನನ್ನು ತಿನ್ನುವ ಹಾಗೆ ನೋಡುತ್ತಿದ್ದ.

ಆಗ ಅವಳ ತಾಳ್ಮೆಯ ಕಟ್ಟೆ ಒಡೆಯಿತು. ಎಲ್ಲಿ ಹೋದರೂ ಕೂರಿಸುವವರು, ಮಲಗಿಸುವವರು. ಇಲ್ಲಿ, ತನ್ನದೇ ಸೀಮೆಯಲ್ಲಿ, ತನ್ನದೇ ಪಾತ್ರದಲ್ಲೂ? ಉಡಿಯಲ್ಲಿದ್ದದ್ದನ್ನೆಲ್ಲ ಕುರ್ಚಿಯ ಮೇಲೆ ಸುರಿದು ಎದ್ದಳು. ಎದುರಿಗಿದ್ದ ಮೈಕನ್ನು ಪಕ್ಕಕ್ಕೆ ತಳ್ಳಿದಳು. ಅಪ್ಪನಿಂದ ಬಂದ ಆ ಗಡುಸು ದನಿಗೆ ಮೈಕು ಯಾಕೆ ಬೇಕು?

"ಈ ಬಾವಿ ತೋಡಿದಾಗ ಮಣ್ಣ ಹೊತ್ತಾವ ನಮ್ಮಪ್ಪ!"

ಹಾಲ್ ಥಟ್ಟನೆ ಸುಮ್ಮನಾಯಿತು. ಹತ್ತುತ್ತಿದ್ದವರು ಮೆಟ್ಟಿಲ ಮೇಲೇ ನಿಂತರು. ಖಾಜಾ ಮಿಯಾನ ಪೇಟಿ ತಾನಾಗಿಯೇ ಸುರ ಹಿಡಿಯಿತು. ಮಣ್ಣಿಗಿ ಮೈಲಿಗಿ ಆಗಲಿಲ್ಲ, ಕಲ್ಲಿಗಿ ಆಗಲಿಲ್ಲ, ಎಂದು ಅವಳು ಒಂದೊಂದೇ ಮಾತನ್ನು ಎತ್ತಿ ಇಟ್ಟಳು. ದನಿ ಎಲ್ಲೂ ಬಿರಿಯಲಿಲ್ಲ. ಇಷ್ಟು ದಿನ ಮುಚ್ಚಿಟ್ಟದ್ದಕ್ಕೆ ಇನ್ನಷ್ಟು ಬಲಿತಿತ್ತು. ನೀರಿಗಿ ಹ್ಯಾಂಗ ಆಯ್ತರಿ ಎಂದು ಕೇಳಿ, ರಂಗದ ಅಂಚಿನಲ್ಲೇ ನಿಂತಿದ್ದ ಗುಂಡಮ್ಮನ ಕಣ್ಣಲ್ಲಿ ಕಣ್ಣಿಟ್ಟು ನಿಂತಳು. ಗುಂಡಮ್ಮನ ಕಣ್ಣು ತುಂಬಿ ಬಂದಿದ್ದವು. ಮುಟ್ಟಿತು ಎಂದು ಅಂಜನಾಬಾಯಿಯ ಜೀವ ಹಗುರಾಯಿತು.

ಗುಂಡಮ್ಮ ಪಕ್ಕದವಳ ಕೈ ಹಿಡಿದು ಹೇಳಿದಳು: "ಅಯ್ಯೋ ಶಿವನೇ, ದನಿ ಪೂರಾ ಹೋಗ್ಯದಲ್ಲವ್ವಾ ಪಾಪ!"

"ಹೌದ್ರಿ, ಮೊದಲ ಎಷ್ಟು ಛಂದ ಇತ್ತು, ಸಣ್ಣ ದನಿ. ಬ್ಯಾನಿ ಬಂದು ಗಂಡಸರ ದನಿ ಆಗಿಬಿಟ್ಟದ."

"ನಳಿಗಿ ಹಾಕಿದ್ದರಲ್ಲ, ಗಂಟಲಾ ಕೆಟ್ಟದ. ಬಿಸಿ ಹಾಲಿನಾಗ ಅರಿಷಿಣ ಹಾಕಿ ಕುಡೀರಿ ಅವ್ವಾ, ವಾರದಾಗ ಬರ್ತದ."

ಹಿಂದಿನ ಸಾಲಿನವರೆಗೂ ಆ ಲೊಚಗುಟ್ಟುವಿಕೆ ಹರಡಿತು. ಅಂಜನಾಬಾಯಿ ನಾಟಕ ಮುಗಿಸಿದಳು. ನಡುವೆ ಬಿಟ್ಟು ಹೋಗುವುದು ಅವಳ ಜಾಯಮಾನದಲ್ಲಿರಲಿಲ್ಲ. ಅವಳು ಆಡಿದ ಪ್ರತಿ ಮಾತಿಗೂ ಜನ ಅತ್ತರು. ಮಾತಿಗಾಗಿ ಒಬ್ಬರೂ ಅಳಲಿಲ್ಲ, ಕೆಟ್ಟುಹೋದ ದನಿಗಾಗಿ ಅತ್ತರು. ನೀಲವ್ವ ಬಾವಿಯ ಮುಂದೆ ಗೆದ್ದದ್ದನ್ನು ಯಾರೂ ಗಮನಿಸಿದಂತೆ ಕಾಣಲಿಲ್ಲ. ಪರದೆ ಬಿದ್ದ ಮೇಲೆ ಖಾಜಾ ಮಿಯಾ ಪೇಟಿ ಮುಚ್ಚಿ ಅವಳ ತಲೆಯ ಮೇಲೆ ಕೈಯಿಟ್ಟ. ಖಾಲಿದ ಉಡುಗೊರೆಗಳನ್ನೆಲ್ಲ ಗಂಟು ಕಟ್ಟಿಸಿ, ಇಂಥ ಭರ್ತಿ ಆಟ ಭಾಲ್ಕಿಯಲ್ಲಿ ಆಗಿಯೇ ಇಲ್ಲವೆಂದು ಹಿಗ್ಗುತ್ತ ಓಡಾಡುತ್ತಿದ್ದ. ಬಸ್ಸಿನಲ್ಲಿ ಇಮಾಮಬೀ ಆ ಗಂಟನ್ನು ಮಡಿಲಲ್ಲಿಟ್ಟುಕೊಂಡು ಅವಳ ಪಕ್ಕ ಕೂತು ಬಂದಳು.

ಮರುದಿನ ಬೆಳಿಗ್ಗೆ ಸುಶೀಲಕುಮಾರನ ಫೋನು. ನಾಟಕ ಯಾರ್ಯಾರ ಮೊಬೈಲಿನಲ್ಲೋ ಏರಿ ಬೆಂಗಳೂರು ಮುಟ್ಟಿತ್ತು. ಹೊರಗೆ ಹಾಕುತ್ತಾರೆಂದು ಅಂಜನಾಬಾಯಿ ಮೊದಲೇ ಮನಸ್ಸು ಗಟ್ಟಿ ಮಾಡಿಕೊಂಡು ಕೂತಿದ್ದಳು. ಕರುಣಾ ಕೆಲಸಕ್ಕೆ ಹೊರಟವಳು ಬಾಗಿಲಲ್ಲೇ ನಿಂತಳು.

ಆಚೆಯ ದನಿಯಲ್ಲಿ ಸಂಭ್ರಮ ಉಕ್ಕುತ್ತಿತ್ತು. "ಮೇಡಂ, ಸೂಪರ್! ಎಲ್ಲ ಕಡೆ ಅದೇ ವಿಡಿಯೋ! ಕರಾರು ಗಿರಾರು ಎಲ್ಲ ಬಿಡಿ. ಜನ ನೀವು ಏಳೋದನ್ನ ಕಾಯ್ತಿದ್ದಾರೆ ಅಂತ ಮೇಲಿನವರಿಗೆ ಗೊತ್ತಾಯ್ತು. ಮುಂದಿನ ವಾರವೇ ನಿಮ್ಮನ್ನ ಎಬ್ಬಿಸ್ತಿದ್ದೀವಿ. ದೊಡ್ಡ ಸೀನು, ಪುಟಗಟ್ಟಲೆ ಡೈಲಾಗು!"

ಅಂಜನಾಬಾಯಿ ಫೋನನ್ನು ಕಿವಿಗೆ ಒತ್ತಿಕೊಂಡಳು. ಗೋಡೆ ಹಿಡಿದು ಕೂತಳು.

"ಖರೇನಾ? ದನಿ ನಂದೇ ಇರ್ತದೇನ್ರಿ?"

"ಅದು... ಬೇಡ ಮೇಡಂ. ವಿಡಿಯೋ ಕೆಳಗೆ ಜನ ಏನು ಬರೆದಿದ್ದಾರೆ ನೋಡಿದ್ರಾ? ಧ್ವನಿ ಹೋಗಿದೆ ಅಂತ ಅಳ್ತಿದ್ದಾರೆ. ಅವರಿಗೆ ಆ ಹಳೇ ಧ್ವನಿನೇ ಬೇಕು. ನೀವು ಎದ್ದು ತುಟಿ ಆಡಿಸಿದ್ರೆ ಸಾಕು, ಉಳಿದದ್ದು ಬೆಂಗಳೂರಲ್ಲಿ ಆಗತ್ತೆ."

"ಸುಶೀಲಕುಮಾರ, ನೀ ಮಂಗಲಪೇಟಿಯವ. ನಿಮ್ಮವ್ವ ಮಾತಾಡೋದೂ ಹಿಂಗೇ. ನೀ ಹೇಳು, ನನ್ನ ದನಿ ಕೆಟ್ಟದೇನು?"

ಅವನ ಬಾಯಿಂದ ಬೆಂಗಳೂರು ಕಳಚಿ ಬಿತ್ತು. "ಇಲ್ರಿ ಬಾಯಿ. ಭಾಳ ಛಂದ ಅದ. ಆದ್ರ ನಾ ಏನ್ ಮಾಡ್ಲಿರಿ? ನನ್ನ ಕೈಯಾಗೇನದ?"

ಕರುಣಾ ಬಾಗಿಲಿನಿಂದ ಅವ್ವನ ಮುಖವನ್ನೇ ನೋಡುತ್ತಿದ್ದಳು. ಅಂಜನಾಬಾಯಿ ಸೆರಗಿನಿಂದ ಮುಖ ಒರೆಸಿಕೊಂಡಳು. ಮೂಗಿನ ನಳಿಗೆ, ಗಡ್ಡದ ಚುಚ್ಚು, ಕಿವಿಯೊಳಗಿನ ಅಂಟು ಎಲ್ಲ ಒಟ್ಟಿಗೆ ಮೈಗೆ ನೆನಪಾದವು. ಆದರೂ ಅವಳು ಹೇಳುವುದನ್ನು ಗಟ್ಟಿಯಾಗಿಯೇ ಹೇಳಿದಳು, ಪಕ್ಕದ ಮನೆಯ ಇಮಾಮಬೀಗೂ ಕೇಳುವಷ್ಟು.

"ಹಂಗಾದ್ರ ನನ್ನ ಎಬ್ಬಸಬ್ಯಾಡ್ರಿ. ಮಕ್ಕೊಂಡೇ ಇರ್ತೇನಿ."